ಕಲಿಯುವವರ ಸಾಕ್ಷ್ಯ, ಕಲಿಸುವವರ ಪರೀಕ್ಷೆ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳ ಮುಂದೆ ಒಂದು ಪ್ರಶ್ನಾವಳಿಯನ್ನಿಟ್ಟು, ಪಾಠ ಸ್ಪಷ್ಟವಾಗಿತ್ತೇ, ಅಧ್ಯಾಪಕರು ಸಿದ್ಧತೆ ಮಾಡಿಕೊಂಡು ಬರುತ್ತಿದ್ದರೇ, ಪಠ್ಯಕ್ರಮ ಪೂರ್ತಿಯಾಯಿತೇ ಎಂದು ಕೇಳಿ, ಅವರು ಕೊಟ್ಟ ಅಂಕಗಳ ಸರಾಸರಿಯನ್ನು ಬೋಧನೆಯ ಗುಣಮಟ್ಟವೆಂದು ದಾಖಲಿಸುವ ಕ್ರಮಕ್ಕೆ ವಿದ್ಯಾರ್ಥಿ ಮೌಲ್ಯಮಾಪನ ಎಂದು ಹೆಸರು. ಅಮೆರಿಕದ ವಾಷಿಂಗ್ಟನ್ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯಗಳಲ್ಲಿ 1920ರ ದಶಕದಲ್ಲೇ ಕಾಣಿಸಿಕೊಂಡ ಈ ಪದ್ಧತಿ ಇಂದು ಬಹುತೇಕ ದೇಶಗಳಿಗೆ ಹಬ್ಬಿದೆ. ಭಾರತದಲ್ಲಿ 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್, 2017ರಲ್ಲಿ ಪರಿಷ್ಕರಿಸಿದ ತನ್ನ ಚೌಕಟ್ಟಿನಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ಸೇರಿಸಿದ ಮೇಲೆ ಕರ್ನಾಟಕದ ಕಾಲೇಜುಗಳಿಗೂ ಅದು ಚಿರಪರಿಚಿತವಾಗಿದೆ. ಮೇಲ್ನೋಟಕ್ಕೆ ಇದು ಆಡಳಿತದ ವಿಷಯವೆಂದು ತೋರಿದರೂ ಇದರ ಬುಡದಲ್ಲಿರುವುದು ಜ್ಞಾನಮೀಮಾಂಸೆಯ, ಅಂದರೆ ಅರಿವು ಹೇಗೆ ಹುಟ್ಟುತ್ತದೆ ಮತ್ತು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ವಿಚಾರಿಸುವ ತತ್ತ್ವಶಾಖೆಯ, ಒಂದು ಹಳೆಯ ಪ್ರಶ್ನೆ: ಇನ್ನೂ ಅರಿಯದವನು ಅರಿತವನನ್ನು ಅಳೆಯಬಲ್ಲನೇ?

ಈ ಪ್ರಶ್ನೆಯನ್ನು ಎತ್ತಿದೊಡನೆ ಭಾರತೀಯ ಪರಂಪರೆಯಲ್ಲಿ ಗುರುವನ್ನು ಪ್ರಶ್ನಿಸಲು ಅವಕಾಶವೇ ಇರಲಿಲ್ಲವೆಂಬ ಮಾತು ಕೇಳಿಬರುವುದುಂಟು. ಗ್ರಂಥಗಳು ಹೇಳುವುದು ಬೇರೆ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ವೈದ್ಯನಾಗಬಯಸುವವನು ಮೊದಲು ತಾನು ಓದಲಿರುವ ಶಾಸ್ತ್ರವನ್ನೂ ಬಳಿಕ ಆಚಾರ್ಯನನ್ನೂ ಪರೀಕ್ಷಿಸಬೇಕೆಂದು ವಿಧಿಸಲಾಗಿದೆ. ಆಚಾರ್ಯನು ಶಿಷ್ಯನನ್ನು ಪರೀಕ್ಷಿಸುವ ಮಾತು ಬರುವುದು ಅದಾದ ಮೇಲೆ. ಆಚಾರ್ಯನಲ್ಲಿ ಇರಬೇಕಾದ ಗುಣಗಳನ್ನು ಅಲ್ಲಿ ಒಂದೊಂದಾಗಿ ಎಣಿಸಿದ್ದು, ನಿರ್ಮಲವಾದ ವಿದ್ಯೆ, ಕಣ್ಣಾರೆ ಕಂಡ ಚಿಕಿತ್ಸಾನುಭವ, ಶುಚಿತ್ವ, ಪಳಗಿದ ಕೈ, ಅಸೂಯೆಯೂ ಕೋಪವೂ ಇಲ್ಲದ ಸ್ವಭಾವ, ಶಿಷ್ಯವಾತ್ಸಲ್ಯ, ತಿಳಿದದ್ದನ್ನು ತಿಳಿಯಪಡಿಸುವ ಸಾಮರ್ಥ್ಯ ಇವೆಲ್ಲ ಆ ಪಟ್ಟಿಯಲ್ಲಿ ಸೇರಿವೆ. ಪಾಲಿ ತ್ರಿಪಿಟಕದ ಮಜ್ಝಿಮ ನಿಕಾಯದಲ್ಲಿರುವ ವೀಮಂಸಕ ಸುತ್ತದಲ್ಲಿ ಬುದ್ಧನು ಭಿಕ್ಷುಗಳು ತನ್ನನ್ನೇ ಪರೀಕ್ಷಿಸಬೇಕೆಂದೂ, ತನ್ನ ನಡೆಯಲ್ಲಿ ಕಣ್ಣಿಗೂ ಕಿವಿಗೂ ನಿಲುಕುವ ದೋಷವಿದೆಯೇ ಎಂಬುದನ್ನು ಬಹುಕಾಲ ಗಮನಿಸಬೇಕೆಂದೂ ಬೋಧಿಸುತ್ತಾನೆ. ತೈತ್ತಿರೀಯೋಪನಿಷತ್ತಿನ ಆಚಾರ್ಯನು ಓದು ಮುಗಿಸಿ ಹೊರಡುವ ಶಿಷ್ಯನಿಗೆ, ತಮ್ಮಲ್ಲಿರುವ ಒಳ್ಳೆಯ ನಡತೆಯನ್ನಷ್ಟೇ ಅನುಸರಿಸಿ ಉಳಿದುದನ್ನು ಬಿಡಬೇಕೆಂದು ಹೇಳುವಾಗ, ಗುರುವಿನ ನಡತೆಯಲ್ಲಿ ಹೆಕ್ಕಿ ತೆಗೆಯುವ ವಿವೇಕವನ್ನು ಶಿಷ್ಯನಿಗೇ ಒಪ್ಪಿಸುತ್ತಾನೆ. ಆದುದರಿಂದ ಗುರುಭಕ್ತಿಯ ಹೆಸರಿನಲ್ಲಿ ವಿದ್ಯಾರ್ಥಿಯ ಬಾಯಿ ಮುಚ್ಚಿಸುವುದಕ್ಕೆ ಪರಂಪರೆಯ ಆಧಾರ ಸಿಗುವುದಿಲ್ಲ.

ಹಾಗೆಂದು ವಿದ್ಯಾರ್ಥಿಯ ತೀರ್ಪು ಯಾವಾಗಲೂ ಸರಿಯಾಗಿರುತ್ತದೆಂದು ಆ ಗ್ರಂಥಗಳು ಹೇಳುವುದೂ ಇಲ್ಲ. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋದ ಶ್ವೇತಕೇತು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ವೇದಗಳನ್ನೆಲ್ಲ ಓದಿ, ತಾನು ಬಲ್ಲವನೆಂಬ ಹೆಮ್ಮೆಯಿಂದ ಮನೆಗೆ ಮರಳುತ್ತಾನೆ. ಯಾವುದನ್ನು ಅರಿತರೆ ಕೇಳದಿದ್ದುದೂ ಕೇಳಿದಂತಾಗುವುದೋ ಆ ಉಪದೇಶವನ್ನು ಗುರುಗಳಲ್ಲಿ ಬೇಡಿದೆಯಾ ಎಂದು ತಂದೆ ಉದ್ದಾಲಕ ಆರುಣಿ ಕೇಳಿದಾಗ, ಮಗ ಮೊದಲು ಅಂಥದೊಂದು ಉಪದೇಶ ಎಂಥದೆಂದು ವಿಚಾರಿಸುತ್ತಾನೆ. ಮಣ್ಣಿನ ಒಂದು ಮುದ್ದೆಯನ್ನು ಅರಿತರೆ ಮಣ್ಣಿನಿಂದಾದ ಎಲ್ಲವನ್ನೂ ಅರಿತಂತೆ ಎಂಬ ವಿವರಣೆಯನ್ನು ಕೇಳಿದ ಮೇಲೆ, ಪೂಜ್ಯರಾದ ಆ ಗುರುಗಳಿಗೆ ಇದು ತಿಳಿದಿರಲಾರದು, ತಿಳಿದಿದ್ದರೆ ತನಗೆ ಹೇಳದೆ ಇರುತ್ತಿದ್ದರೇ ಎಂಬ ನಿರ್ಣಯಕ್ಕೆ ಬರುತ್ತಾನೆ. ಶಿಷ್ಯನೊಬ್ಬನು ತನ್ನ ಅಧ್ಯಾಪಕರ ಬಗ್ಗೆ ಕೊಟ್ಟ ಈ ಮೌಲ್ಯಮಾಪನಕ್ಕಾಗಿ ಉಪನಿಷತ್ತು ಅವನನ್ನು ಗದರುವುದಿಲ್ಲ. ಆದರೆ ಆ ನಿರ್ಣಯ ಯಾವಾಗ ಹುಟ್ಟಿತೆಂಬುದನ್ನು ಗಮನಿಸಬೇಕು. ಗುರುಕುಲದ ಹೊಸ್ತಿಲು ದಾಟುವ ದಿನವೇ ಅವನನ್ನು ಕೇಳಿದ್ದರೆ ಪೂರ್ಣ ಅಂಕಗಳನ್ನೇ ಕೊಡುತ್ತಿದ್ದನೆಂದು ಊಹಿಸಲು ಅವನ ಹೆಮ್ಮೆಯೇ ಸಾಕು. ಕೊರತೆ ಕಾಣಿಸಿದ್ದು ಬೇರೊಬ್ಬರು ಸರಿಯಾದ ಪ್ರಶ್ನೆಯನ್ನು ಮುಂದಿಟ್ಟು, ಆ ಪ್ರಶ್ನೆಯ ಅರ್ಥ ಅವನಿಗೆ ಹೊಳೆದ ಮೇಲೆ.

ಈ ಅಂತರವನ್ನು ಕಠೋಪನಿಷತ್ತಿನ ಒಂದು ವಿವೇಚನೆಯಿಂದ ಇನ್ನಷ್ಟು ಸ್ಪಷ್ಟಪಡಿಸಬಹುದು. ಆಗಲೇ ಹಿತವೆನಿಸುವುದು ಪ್ರೇಯಸ್ಸು, ಕಟ್ಟಕಡೆಗೆ ಒಳಿತನ್ನುಂಟುಮಾಡುವುದು ಶ್ರೇಯಸ್ಸು; ಎರಡೂ ಮನುಷ್ಯನ ಬಳಿಗೆ ಬರುತ್ತವೆ, ಅವನ್ನು ಬೇರ್ಪಡಿಸಿ ನೋಡುವವನೇ ಧೀರನೆಂದು ಯಮನು ನಚಿಕೇತನಿಗೆ ತಿಳಿಸುತ್ತಾನೆ. ಶಿಕ್ಷಣದಲ್ಲಿ ಇವೆರಡೂ ಬೇರೆ ದಾರಿ ಹಿಡಿಯಬಹುದೆಂಬುದಕ್ಕೆ ಆಧುನಿಕ ಸಂಶೋಧನೆಯಲ್ಲಿ ಗಟ್ಟಿಯಾದ ಪುರಾವೆಗಳಿವೆ. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳನ್ನು ಅಧ್ಯಾಪಕರಿಗೆ ಯಾದೃಚ್ಛಿಕವಾಗಿ, ಅಂದರೆ ಯಾರ ಆಯ್ಕೆಗೂ ಎಡೆಯಿಲ್ಲದಂತೆ, ಹಂಚಲಾಗುತ್ತದೆ ಮತ್ತು ಒಂದು ಕೋರ್ಸಿನವರೆಲ್ಲರೂ ಒಂದೇ ಪರೀಕ್ಷೆ ಬರೆಯುತ್ತಾರೆ. ಅಲ್ಲಿನ ದಾಖಲೆಗಳನ್ನು ಆಧರಿಸಿ ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಸೆಮಿಸ್ಟರಿನ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬರುವಂತೆ ಕಲಿಸಿದವರಿಗೆ ವಿದ್ಯಾರ್ಥಿಗಳ ಮೆಚ್ಚುಗೆಯೂ ಹೆಚ್ಚು ದೊರೆತಿತ್ತು; ಆದರೆ ಮುಂದಿನ ಹಂತದ ಕೋರ್ಸುಗಳಲ್ಲಿ ವಿದ್ಯಾರ್ಥಿಗಳನ್ನು ಗಟ್ಟಿಯಾಗಿ ನಿಲ್ಲಿಸಿದವರು ಹೆಚ್ಚು ಅನುಭವಿಗಳಾದ, ಮೊದಲ ಕೋರ್ಸಿನಲ್ಲಿ ಅಷ್ಟಾಗಿ ಮೆಚ್ಚುಗೆ ಗಳಿಸದ ಅಧ್ಯಾಪಕರಾಗಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಸ್ವತಃ ಲೆಕ್ಕ ಬಿಡಿಸುತ್ತ ಚರ್ಚಿಸುತ್ತ ಕಲಿತವರು ಹೆಚ್ಚು ಕಲಿತಿದ್ದರೂ ಕಡಿಮೆ ಕಲಿತೆವೆಂದು ಭಾವಿಸಿದರು. ನಿರರ್ಗಳವಾದ ಉಪನ್ಯಾಸವನ್ನು ಕೇಳಿದವರು ಕಡಿಮೆ ಕಲಿತಿದ್ದರೂ ಹೆಚ್ಚು ಕಲಿತೆವೆಂದು ನಂಬಿದರು. ಬುದ್ಧಿಗೆ ಶ್ರಮವಾದಾಗ ಆಗುವ ಆಯಾಸವನ್ನು ವಿದ್ಯಾರ್ಥಿಯು ಪಾಠದ ದೋಷವೆಂದು ತಿಳಿಯುವುದು ಸಹಜ, ಏಕೆಂದರೆ ಆ ಶ್ರಮದ ಫಲ ಅವನ ಕಣ್ಣಿಗೆ ಇನ್ನೂ ಬಿದ್ದಿರುವುದಿಲ್ಲ. ಹೀಗಿರುವಾಗ ತೃಪ್ತಿಯನ್ನೇ ಅಳತೆಗೋಲಾಗಿಸಿಕೊಂಡ ಸಂಸ್ಥೆಯು ತಾನರಿಯದೆಯೇ ಅಧ್ಯಾಪಕರನ್ನು ಪ್ರೇಯಸ್ಸಿನ ಕಡೆಗೆ ದೂಡುತ್ತದೆ.

ಹಾಗಾದರೆ ವಿದ್ಯಾರ್ಥಿಯ ಮಾತಿಗೆ ಬೆಲೆಯೇ ಇಲ್ಲವೇ ಎಂಬ ಪ್ರಶ್ನೆಗೆ ಪ್ರಮಾಣವಿಚಾರದಲ್ಲಿ, ಅಂದರೆ ಸರಿಯಾದ ಅರಿವಿನ ಸಾಧನಗಳನ್ನು ಕುರಿತ ಭಾರತೀಯ ಚಿಂತನೆಯಲ್ಲಿ, ಉತ್ತರವಿದೆ. ಪ್ರತಿಯೊಂದು ಪ್ರಮಾಣವೂ ತನ್ನ ತನ್ನ ವಿಷಯದಲ್ಲಿ ಮಾತ್ರ ಬಲಶಾಲಿ, ಕಿವಿ ಬಣ್ಣದ ಬಗ್ಗೆ ಸಾಕ್ಷಿ ನುಡಿಯಲಾರದು ಎಂಬುದು ಶಂಕರರ ನಿಲುವು. ನ್ಯಾಯದರ್ಶನದಲ್ಲಿ ಶಬ್ದಪ್ರಮಾಣಕ್ಕೆ, ಅಂದರೆ ನಂಬತಕ್ಕ ಮಾತಿಗೆ, ಆಪ್ತನೇ ಆಧಾರ. ವಸ್ತುವನ್ನು ನೇರವಾಗಿ ಅರಿತು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನು ಆಪ್ತನೆಂದು ಭಾಷ್ಯಕಾರ ವಾತ್ಸ್ಯಾಯನನು ವಿವರಿಸುತ್ತಾನೆ. ಈ ಲಕ್ಷಣವನ್ನು ತರಗತಿಗೆ ಅನ್ವಯಿಸಿದರೆ ವಿದ್ಯಾರ್ಥಿಯು ಯಾವ ವಿಷಯದಲ್ಲಿ ಆಪ್ತನೆಂಬುದು ತಾನಾಗಿ ತಿಳಿಯುತ್ತದೆ. ಅಧ್ಯಾಪಕರು ಸಮಯಕ್ಕೆ ಬಂದರೇ, ಪ್ರಶ್ನೆ ಕೇಳಲು ಬಿಟ್ಟರೇ, ಉತ್ತರಪತ್ರಿಕೆಯನ್ನು ತಿದ್ದಿ ಹಿಂದಿರುಗಿಸಿದರೇ, ಯಾರನ್ನಾದರೂ ಜಾತಿ ಅಥವಾ ಭಾಷೆಯ ಕಾರಣಕ್ಕೆ ಹೀಗಳೆದರೇ ಎಂಬುದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಾರರು. ಪ್ರಾಂಶುಪಾಲರು ಒಂದು ದಿನ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರೆ ಅದು ಕಾಣಿಸದು. ಆದರೆ ಅಧ್ಯಾಪಕರ ವಿದ್ವತ್ತು ಎಷ್ಟು, ಪಠ್ಯದಲ್ಲಿ ಯಾವುದು ಮುಖ್ಯ, ಇಂದು ಕಲಿತದ್ದು ನಾಲ್ಕು ವರ್ಷಗಳ ಬಳಿಕ ಯಾವ ಉಪಯೋಗಕ್ಕೆ ಬಂದೀತು ಎಂಬ ವಿಷಯಗಳು ಅವನ ಅನುಭವದ ಎಲ್ಲೆಯ ಆಚೆಗಿವೆ. ಅಲ್ಲಿ ಅವನಿಂದ ಅಂಕ ಕೇಳುವುದು ಸಾಕ್ಷಿಯನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸುವ ಕ್ರಮ.

ಸಾಕ್ಷ್ಯವೂ ದೋಷಮುಕ್ತವಾಗಿರಬೇಕಷ್ಟೆ. ಪ್ರತ್ಯಕ್ಷವು ಭ್ರಮೆಯಿಂದ ಕೂಡಿರಬಾರದೆಂದು ನ್ಯಾಯಸೂತ್ರಕಾರನು ಷರತ್ತು ಹಾಕಿರುವುದಕ್ಕೆ ಕಾರಣವಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸೊಂದರಲ್ಲಿ ನಡೆದು 2015ರಲ್ಲಿ ಅಚ್ಚಾದ ಪ್ರಯೋಗವೊಂದರಲ್ಲಿ, ಒಬ್ಬ ಪುರುಷ ಮತ್ತು ಒಬ್ಬ ಮಹಿಳಾ ಬೋಧಕರು ತಮ್ಮ ಒಂದು ಗುಂಪಿಗೆ ಸ್ವಂತ ಹೆಸರಿನಲ್ಲಿ, ಇನ್ನೊಂದು ಗುಂಪಿಗೆ ಪರಸ್ಪರ ಹೆಸರು ಬದಲಿಸಿಕೊಂಡು ಪಾಠ ಮಾಡಿದರು. ಅಂಕಗಳನ್ನು ಎಲ್ಲ ಗುಂಪುಗಳಿಗೂ ಒಂದೇ ಸಮಯಕ್ಕೆ ಹಿಂದಿರುಗಿಸಲಾಗಿತ್ತು. ಆದರೂ ಸಮಯಪಾಲನೆಯ ಪ್ರಶ್ನೆಗೆ, ಪುರುಷನೆಂದು ನಂಬಲಾದ ಬೋಧಕನಿಗೆ ಮಹಿಳೆಯೆಂದು ನಂಬಲಾದ ಬೋಧಕಿಗಿಂತ ಹೆಚ್ಚು ಅಂಕ ಬಂದಿತು. ಪ್ರಯೋಗದಲ್ಲಿ ಭಾಗಿಯಾದವರು ಕೆಲವೇ ಮಂದಿಯಾದರೂ, ಕಣ್ಣೆದುರಿನ ಸಂಗತಿಯನ್ನು ಕೂಡ ಪೂರ್ವಗ್ರಹವು ಹೇಗೆ ಬಣ್ಣಗೆಡಿಸಬಲ್ಲದೆಂಬುದನ್ನು ಅದು ತೋರಿಸುತ್ತದೆ. ಈ ದೌರ್ಬಲ್ಯ ಎಳೆಯರಿಗಷ್ಟೇ ಸೇರಿದ್ದಲ್ಲ. ತಜ್ಞನೆಂದು ಪರಿಚಯಿಸಲಾದ ನಟನೊಬ್ಬನು ಹುರುಳಿಲ್ಲದ ಉಪನ್ಯಾಸವನ್ನು ಆಕರ್ಷಕವಾಗಿ ಕೊಟ್ಟಾಗ ಮನೋವೈದ್ಯರೂ ಶಿಕ್ಷಣತಜ್ಞರೂ ಅದಕ್ಕೆ ಮೆಚ್ಚುಗೆ ಸೂಚಿಸಿದ ಸಂಗತಿ 1973ರಲ್ಲಿ ಪ್ರಕಟವಾಗಿ, ಅಂದಿನಿಂದ ಆ ನಟನ ಕಲ್ಪಿತ ಹೆಸರಿನ ಮೇಲೆ ಡಾಕ್ಟರ್ ಫಾಕ್ಸ್ ಪರಿಣಾಮವೆಂದೇ ಪ್ರಸಿದ್ಧವಾಗಿದೆ. ಇಂಥ ಪುರಾವೆಗಳನ್ನು ಪರಿಶೀಲಿಸಿದ ಬಳಿಕವೇ ಕೆನಡಾದ ಟೊರಾಂಟೊದಲ್ಲಿರುವ, ಆಗ ರೈಯರ್ಸನ್ ಎಂಬ ಹೆಸರಿದ್ದ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 2018ರಲ್ಲಿ ಮಧ್ಯಸ್ಥಗಾರರು, ಬಡ್ತಿ ಮತ್ತು ಕಾಯಮಾತಿಯ ನಿರ್ಣಯಗಳಲ್ಲಿ ಬೋಧನೆಯ ಪರಿಣಾಮವನ್ನು ಅಳೆಯಲು ವಿದ್ಯಾರ್ಥಿಗಳು ಕೊಟ್ಟ ಅಂಕಗಳನ್ನು ಬಳಸಬಾರದೆಂದು ತೀರ್ಪಿತ್ತರು.

ಬೋಧನೆಯ ಫಲವನ್ನು ಅಳೆಯಬೇಕಾದ ಸ್ಥಳ ಬೇರೆಯೇ ಇದೆ. ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದಲ್ಲಿ ಗಣದಾಸ ಮತ್ತು ಹರದತ್ತರೆಂಬ ನಾಟ್ಯಾಚಾರ್ಯರಲ್ಲಿ ಯಾರು ಮೇಲೆಂಬ ವಿವಾದ ಹುಟ್ಟಿದಾಗ, ತೀರ್ಪುಗಾರ್ತಿಯಾದ ಪರಿವ್ರಾಜಿಕೆಯು, ಕೆಲವರಿಗೆ ವಿದ್ಯೆ ತಮ್ಮಲ್ಲಿ ಚೆನ್ನಾಗಿ ನೆಲೆಸಿರುತ್ತದೆ, ಕೆಲವರಿಗೆ ಅದನ್ನು ಇನ್ನೊಬ್ಬರಿಗೆ ದಾಟಿಸುವುದರಲ್ಲಿ ನೈಪುಣ್ಯವಿರುತ್ತದೆ, ಎರಡೂ ಇರುವವನೇ ಶಿಕ್ಷಕರಲ್ಲಿ ಅಗ್ರಗಣ್ಯನೆಂದು ಹೇಳುತ್ತಾಳೆ. ನಿರ್ಣಯಕ್ಕಾಗಿ ಅಲ್ಲಿ ರಂಗಕ್ಕೆ ಬರುವವರು ಶಿಷ್ಯರು. ಗಣದಾಸರ ಬಗ್ಗೆ ಏನನ್ನಿಸಿತೆಂದು ಯಾರೂ ಅವರ ಶಿಷ್ಯೆ ಮಾಲವಿಕೆಯನ್ನು ಕೇಳುವುದಿಲ್ಲ. ಅವಳ ನೃತ್ಯವನ್ನು ಬಲ್ಲವರು ನೋಡುತ್ತಾರೆ. ವಿದ್ಯಾರ್ಥಿಗಳು ಮುಂದಿನ ಕೋರ್ಸಿನಲ್ಲಿ ಹೇಗೆ ನಿಂತರೆಂಬುದನ್ನೂ, ಅದೇ ವಿಷಯದ ಹಿರಿಯ ಅಧ್ಯಾಪಕರು ಪಾಠವನ್ನು ಕಂಡು ಏನು ಹೇಳುತ್ತಾರೆಂಬುದನ್ನೂ, ಪದವಿ ಮುಗಿಸಿ ಕೆಲವು ವರ್ಷ ಕಳೆದವರ ಅಭಿಪ್ರಾಯವನ್ನೂ ಒಟ್ಟುಗೂಡಿಸುವುದು ಹೆಚ್ಚು ಶ್ರಮದ ಕೆಲಸ. ಆದರೆ ನ್ಯಾಯದ ದಾರಿ ಅದೇ.

ಪ್ರಶ್ನೋಪನಿಷತ್ತಿನಲ್ಲಿ ಭಾರದ್ವಾಜ ಸುಕೇಶನು, ರಾಜಕುಮಾರನೊಬ್ಬ ಷೋಡಶಕಲೆಗಳ ಪುರುಷನನ್ನು ಕುರಿತು ಪ್ರಶ್ನಿಸಿದಾಗ ತನಗದು ತಿಳಿಯದೆಂದು ನೇರವಾಗಿ ಹೇಳಿದ್ದನ್ನೂ, ಸುಳ್ಳಾಡುವವನು ಬೇರುಸಹಿತ ಒಣಗಿಹೋಗುವನೆಂಬ ಭಯದಿಂದ ಉತ್ತರವನ್ನು ಕಟ್ಟದೆ ಬಿಟ್ಟದ್ದನ್ನೂ ಗುರು ಪಿಪ್ಪಲಾದನ ಮುಂದೆ ನಿವೇದಿಸುತ್ತಾನೆ. ಮೌಲ್ಯಮಾಪನದ ಪ್ರಶ್ನಾವಳಿಗಳನ್ನು ರೂಪಿಸುವವರು ಈ ಪ್ರಾಮಾಣಿಕತೆಗೆ ಜಾಗ ಮಾಡಿಕೊಡಬೇಕು: ವಿದ್ಯಾರ್ಥಿಗೆ ತಿಳಿದಿರಬಹುದಾದುದನ್ನು ಮಾತ್ರ ಕೇಳಬೇಕು, ತಿಳಿಯದೆಂದು ಹೇಳಲು ಒಂದು ಕಲಮನ್ನು ಇಡಬೇಕು, ಅಂಕಗಳಿಗಿಂತ ಬರಹದ ಮಾತಿಗೆ ಹೆಚ್ಚು ಸ್ಥಳ ಕೊಡಬೇಕು. ವಿದ್ಯಾರ್ಥಿಗಳು ಪರೀಕ್ಷೆಯ ಅಂಕದ ಮೇಲಿನ ಮುನಿಸನ್ನೂ ಗೆಳೆಯರ ಮಾತನ್ನೂ ಬದಿಗಿಟ್ಟು, ಕಂಡದ್ದನ್ನು ಕಂಡಂತೆ ಬರೆಯಬೇಕು. ಅಧ್ಯಾಪಕರು ಆ ಮಾತುಗಳನ್ನು ಓದಿ, ನಿಜವಾದುದಕ್ಕೆ ತಲೆಬಾಗಬೇಕು. ವಿದ್ಯಾರ್ಥಿಯ ಸಾಕ್ಷ್ಯವನ್ನು ಕೇಳದೆ ಅಧ್ಯಾಪಕರನ್ನು ಪರೀಕ್ಷಿಸುವುದು ಅಪೂರ್ಣ, ಆ ಸಾಕ್ಷ್ಯವನ್ನೇ ತೀರ್ಪೆಂದು ಭಾವಿಸಿ ಒಬ್ಬ ಅಧ್ಯಾಪಕರ ಬಡ್ತಿಯನ್ನೋ ಉದ್ಯೋಗವನ್ನೋ ನಿರ್ಣಯಿಸುವುದು ಅನ್ಯಾಯ.