ಅಂಟಿಕೊಂಡವಳೂ ಹಿಂದಿರುಗಿದವಳೂ

ಓದತಕ್ಕ ವೇದಭಾಗ: ರೂತಳ ಚರಿತ್ರೆ, 1ನೇ ಅಧ್ಯಾಯ, 6ರಿಂದ 18ನೇ ವಚನಗಳ ವರೆಗೆ.



ಕಳೆದ ಸುಗ್ಗಿಯ ಕಾಲದಲ್ಲಿ ಒಂದು ಸಂಜೆ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಸಭೆಯ ಯೌವನಸ್ಥರಿಬ್ಬರು ದೇವಾಲಯದ ಜಗಲಿಯ ಮೇಲೆ ಕೂತು ವಾದಿಸುತ್ತಿದ್ದರು. ಅವರಲ್ಲಿ ಒಬ್ಬನು ಇಂಗ್ಲೆಂಡಿನ ಒಂದು ಫುಟ್ಬಾಲ್ ತಂಡವನ್ನು ಚಿಕ್ಕಂದಿನಿಂದ ಮೆಚ್ಚಿಕೊಂಡಿದ್ದವನು. ಅದು ವರುಷ ವರುಷವೂ ಸೋಲುವದನ್ನು ಕಂಡು ಬೇಸತ್ತು, ಈಗ ಗೆಲ್ಲುವ ಬೇರೊಂದು ತಂಡದ ಅಂಗಿಯನ್ನು ತೊಟ್ಟಿದ್ದನು. ಮತ್ತೊಬ್ಬನು, “ಒಮ್ಮೆ ಹಿಡಿದ ತಂಡವನ್ನು ಬಿಡುವವನು ಅಭಿಮಾನಿಯೇ ಅಲ್ಲ” ಎಂದು ಅವನನ್ನು ಜರೆಯುತ್ತಿದ್ದನು. ನಮ್ಮನ್ನು ಕಂಡು, “ಅಯ್ಯನವರೇ, ನೀವೇ ನ್ಯಾಯ ಹೇಳಿರಿ” ಎಂದರು. ನಾವು ನಕ್ಕು ಮನೆಗೆ ಹೋದೆವು.

ಆದರೆ ಆ ರಾತ್ರಿ ಈ ಮಾತು ನಮ್ಮನ್ನು ಬಿಡಲಿಲ್ಲ. ಯಾಕಂದರೆ ಅದೇ ತಿಂಗಳಲ್ಲಿ ಮೂರು ಕುಟುಂಬಗಳು ನಮ್ಮ ಸಭೆಯನ್ನು ಬಿಟ್ಟು, ಪೇಟೆಯಲ್ಲಿರುವ ಬೇರೊಂದು ಪ್ರಾರ್ಥನಾಲಯಕ್ಕೆ ಸೇರಿದ್ದವು. ನಾವು ಕೋಪಗೊಂಡವರಾಗಿ ಮುಂದಿನ ಭಾನುವಾರದ ಪ್ರಸಂಗದಲ್ಲಿ, ಈ ಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟು ಹೋದ ದೇಮನಿಗೆ ಅವರನ್ನು ಹೋಲಿಸಿದೆವು. ಆರಾಧನೆಯಾದ ಮೇಲೆ ಸಭೆಯ ಒಬ್ಬ ವೃದ್ಧೆಯು ಕೋಲೂರಿಕೊಂಡು ಬಂದು, “ಅಯ್ಯಾ, ನಾವೂ ಒಂದು ಕಾಲದಲ್ಲಿ ಹೆತ್ತವರ ದಾರಿಯನ್ನು ಬಿಟ್ಟು ಬಂದವರೇ ಅಲ್ಲವೇ? ಊರವರು ನಮ್ಮನ್ನೂ ಹೀಗೆಯೇ ಅಂದರು” ಎಂದು ಹೇಳಿ ಮೆಲ್ಲನೆ ಹೊರಟು ಹೋದಳು. ನಾವು ಬಾಯಿ ಕಟ್ಟಿದವರಾದೆವು. ಬಿಟ್ಟು ಹೋಗುವದೇ ಪಾಪವಾದರೆ ನಾವೆಲ್ಲರೂ ಪಾಪಿಗಳು. ಅದು ಪಾಪವಲ್ಲವಾದರೆ ದೇಮನಲ್ಲಿ ಯಾವ ತಪ್ಪು? ಈ ಪ್ರಶ್ನೆಯನ್ನು, ಆ ಇಬ್ಬರು ಹುಡುಗರ ಫುಟ್ಬಾಲಿನ ವಾದವನ್ನೇ ದೃಷ್ಟಾಂತವಾಗಿ ತಕ್ಕೊಂಡು, ನಿಮ್ಮೊಂದಿಗೆ ವಿಚಾರಿಸಬೇಕೆಂದಿದ್ದೇವೆ.

ಒಂದನೇದು: ಗೆಲುವಿಗಾಗಿ ಹಿಡಿದದ್ದು ಸೋಲಿನಲ್ಲಿ ನಿಲ್ಲದು.

ಇಂಗ್ಲೆಂಡಿನ ಹಳೆಯ ತಂಡಗಳಲ್ಲಿ ಕೆಲವು ದೇವಾಲಯದ ಅಂಗಳದಲ್ಲಿಯೇ ಹುಟ್ಟಿದವೆಂಬದು ನಿಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಲಿವರ್‌ಪೂಲ್ ಪಟ್ಟಣದ ಎವರ್ಟನ್ ತಂಡವು 1878ರಲ್ಲಿ ಸೇಂಟ್ ಡೊಮಿಂಗೊ ಎಂಬ ಮೆಥೊಡಿಸ್ಟ್ ಸಭೆಯವರಿಂದಲೂ, ಮ್ಯಾಂಚೆಸ್ಟರ್ ಸಿಟಿ ಎಂಬ ತಂಡವು 1880ರಲ್ಲಿ ವೆಸ್ಟ್ ಗಾರ್ಟನ್ ಎಂಬ ಬಡ ಕೇರಿಯ ಸೇಂಟ್ ಮಾರ್ಕ್ಸ್ ದೇವಾಲಯದವರಿಂದಲೂ ಆರಂಭವಾದವು. ಈ ಮ್ಯಾಂಚೆಸ್ಟರ್ ಸಿಟಿ ತಂಡವು 1998ರಲ್ಲಿ ಸೋಲುತ್ತಾ ಸೋಲುತ್ತಾ ಮೂರನೇ ದರ್ಜೆಗೆ ಇಳಿದು ಹೋಯಿತು. ಹೀಗಿದ್ದಾಗ್ಯೂ ಆ ವರುಷ ಅದರ ಮೈದಾನಕ್ಕೆ ಒಂದೊಂದು ಆಟಕ್ಕೆ ಸರಾಸರಿ 28 ಸಾವಿರ ಜನರು ಬರುತ್ತಿದ್ದರು. ಗೆಲುವನ್ನು ನೋಡಲಿಕ್ಕೆ ಬಂದವರು ಅವರಲ್ಲ. ತಂದೆಯು ಕೈ ಹಿಡಿದು ಕರಕೊಂಡು ಬಂದ ಸ್ಥಳಕ್ಕೆ ಮಕ್ಕಳೂ ಬಂದರು, ಅಷ್ಟೇ.

1999ರ ಮೇ 30ರಂದು ಲಂಡನಿನ ವೆಂಬ್ಲಿ ಮೈದಾನದಲ್ಲಿ ಗಿಲ್ಲಿಂಗಂ ಎಂಬ ತಂಡದೊಡನೆ ಅವರಿಗೆ ಆಟವಾಯಿತು. ಗೆದ್ದರೆ ಮೇಲಿನ ದರ್ಜೆಗೆ ಏರುವರು, ಸೋತರೆ ಕೆಳಗೇ ಉಳಿಯುವರು. ಆಟವು ಮುಗಿಯಲಿಕ್ಕೆ ಕೆಲವೇ ನಿಮಿಷಗಳು ಉಳಿದಿರುವಾಗ ಎದುರಾಳಿಗಳು ಎರಡು ಗೋಲು ಮುಂದಿದ್ದರು. ಆಗ ಸಿಟಿಯ ಬೆಂಬಲಿಗರಲ್ಲಿ ಕೆಲವರು ಎದೆಗುಂದಿ ಎದ್ದು ಹೊರಟರು. ಆದರೆ ಕಡೆಯ ಗಳಿಗೆಯಲ್ಲಿ ಸಿಟಿಯವರು ಒಂದರ ಹಿಂದೆ ಒಂದರಂತೆ ಎರಡು ಗೋಲು ಹೊಡೆದು ಸಮ ಮಾಡಿದರು, ತರುವಾಯ ಪೆನಾಲ್ಟಿ ಹೊಡೆತಗಳಲ್ಲಿ ಗೆದ್ದರು. ಬಾಗಲು ದಾಟಿದವರು ಹೊರಗಿನಿಂದ ಜಯಘೋಷವನ್ನು ಕೇಳಬೇಕಾಯಿತು. ಅದೇ ತಂಡವು 2023ರಲ್ಲಿ ಯುರೋಪಿಗೇ ಮೊದಲನೆಯದಾಯಿತು. ಈಗ ಅದರ ಅಂಗಿಯನ್ನು ತೊಡುವದು ಸುಲಭ. 1998ರಲ್ಲಿ ತೊಟ್ಟವನ ಪ್ರೀತಿಯೇ ಪರೀಕ್ಷಿಸಲ್ಪಟ್ಟ ಪ್ರೀತಿ.

ಪ್ರಿಯರೇ, ನಮ್ಮ ಕರ್ತನ ಕಾಲದಲ್ಲಿಯೂ ಹಾಗೆಯೇ ಆಯಿತು. ಐದು ರೊಟ್ಟಿಗಳಿಂದ ಹೊಟ್ಟೆ ತುಂಬಿದ ದಿನ ಸಾವಿರಾರು ಜನರು ಆತನನ್ನು ಅರಸನನ್ನಾಗಿ ಮಾಡಲಿಕ್ಕೆ ಓಡಿ ಬಂದರು. ಮರುದಿನ ಆತನು ಕಠಿಣವಾದ ಮಾತನ್ನು ಹೇಳಿದಾಗ ಗುಂಪು ಕರಗಿತು, ಹನ್ನೆರಡು ಮಂದಿ ಮಾತ್ರ ಉಳಿದರು. ಯೋಹಾನನ ಸುವಾರ್ತೆಯ 6ನೇ ಅಧ್ಯಾಯವನ್ನು ಮನೆಯಲ್ಲಿ ಓದಿ ನೋಡಿರಿ. ನಮ್ಮ ಹಳ್ಳಿಯ ದೇವಾಲಯದಲ್ಲಿ ಹಂಚು ಒಡೆದಿದೆ, ಹಾಡುವವರ ಸ್ವರ ಕೂಡುವದಿಲ್ಲ, ಮಳೆಗಾಲದ ಭಾನುವಾರಗಳಲ್ಲಿ ಬೆರಳಿನಿಂದ ಎಣಿಸುವಷ್ಟೇ ಜನರು ಕೂಡುತ್ತಾರೆ. ಇಂಥ ಸಭೆಯಲ್ಲಿ ವರುಷ ವರುಷವೂ ಬಂದು ಕೂತುಕೊಳ್ಳುವ ವಿಧವೆಯ ನಂಬಿಗಸ್ತಿಕೆಯನ್ನು ಪರಲೋಕದವರು ಕಾಣುತ್ತಾರೆಂದು ನಂಬಿರಿ.

ಎರಡನೇದು: ಬಿಟ್ಟವರು ಯಾರೆಂದು ವಿಚಾರಿಸದೆ ತೀರ್ಪು ಮಾಡಬಾರದು.

ಲಂಡನಿನ ನೈಋತ್ಯ ಭಾಗದಲ್ಲಿ ವಿಂಬಲ್ಡನ್ ಎಂಬ ಊರುಂಟು. ಅಲ್ಲಿ 1889ರಲ್ಲಿ ಹುಟ್ಟಿದ ತಂಡವು 1988ರಲ್ಲಿ ಬಲಿಷ್ಠವಾದ ಲಿವರ್‌ಪೂಲ್ ತಂಡವನ್ನು ಸೋಲಿಸಿ ದೇಶದ ಹಳೆಯ ಪಾತ್ರೆಯನ್ನು ಗೆದ್ದಿತು. ಆದರೆ ತರುವಾಯ ಅದರ ಒಡೆಯರು ಲಾಭವನ್ನು ನೋಡಿ, ಸುಮಾರು 90 ಕಿಲೊಮೀಟರು ದೂರದಲ್ಲಿರುವ ಮಿಲ್ಟನ್ ಕೀನ್ಸ್ ಎಂಬ ಹೊಸ ಪಟ್ಟಣಕ್ಕೆ ತಂಡವನ್ನು ಕೊಂಡೊಯ್ಯಬೇಕೆಂದು ಯೋಚಿಸಿದರು. ಜನರು ಬೇಡಿಕೊಂಡರು, ಪ್ರತಿಭಟಿಸಿದರು. ಆದಾಗ್ಯೂ 2002ರ ಮೇ 28ರಂದು ಮೂವರ ಮಂಡಲಿಯು ಅದಕ್ಕೆ ಅಪ್ಪಣೆ ಕೊಟ್ಟಿತು. 2003ರಲ್ಲಿ ತಂಡವು ಹೊರಟು ಹೋಯಿತು. 2004ರಲ್ಲಿ ಅದರ ಹೆಸರೂ ಬದಲಾಯಿತು.

ಆಗ ಆ ಬೆಂಬಲಿಗರು ಏನು ಮಾಡಬೇಕಾಗಿತ್ತು? ಆಟಗಾರರೂ ದರ್ಜೆಯೂ ಹೋದ ಕಡೆಗೆ ತಾವೂ ಹೋದರೆ, ತಂಡವನ್ನು ಬಿಡಲಿಲ್ಲವೆನ್ನಬಹುದಾಗಿತ್ತು. ಕೆಲವರು ಹಾಗೆಯೇ ಹೋದರು. ಆದರೆ ಹೆಚ್ಚಿನವರು ಅದನ್ನು ಬಿಟ್ಟು, 2002ರಲ್ಲಿಯೇ ಎ.ಎಫ್.ಸಿ. ವಿಂಬಲ್ಡನ್ ಎಂಬ ಹೊಸ ತಂಡವನ್ನು ಕಟ್ಟಿದರು. ಊರ ಬಯಲಿನಲ್ಲಿ ಪರೀಕ್ಷೆ ನಡಿಸಿ ಆಟಗಾರರನ್ನು ಆರಿಸಿಕೊಂಡರು. ಬಹಳ ಕೆಳಗಿನ ಪ್ರಾಂತೀಯ ಸ್ಪರ್ಧೆಯಲ್ಲಿ ಆರಂಭಿಸಿ, ಒಂಭತ್ತು ವರುಷ ಪ್ರಯಾಸಪಟ್ಟು, 2011ರಲ್ಲಿ ದೇಶದ ಮುಖ್ಯ ಲೀಗಿಗೆ ಏರಿದರು. 2020ರ ನವೆಂಬರಿನಲ್ಲಿ ತಮ್ಮ ಹಳೆಯ ಮೈದಾನದ ಸಮೀಪದಲ್ಲಿ ಕಟ್ಟಿದ ಹೊಸ ಮೈದಾನದಲ್ಲಿ ಆಡಿದರು. ಈಗ ಹೇಳಿರಿ, ಇವರು ತಂಡವನ್ನು ಬದಲಿಸಿದವರೋ? ಬದಲಿಸಿದರು, ಸರಿ. ಆದರೆ ನಂಬಿಗಸ್ತರಾಗಿ ಉಳಿಯುವದಕ್ಕೋಸ್ಕರವೇ ಬದಲಿಸಿದರು. ಅವರು ಬಿಡುವದಕ್ಕೆ ಮುಂಚೆ ತಾವೇ ಬಿಡಲ್ಪಟ್ಟಿದ್ದರು.

ಇದನ್ನು ಓದಿ ತಿಳುಕೊಂಡ ಮೇಲೆ, ನಾವು ದೇಮನೆಂದು ಹಳಿದ ಆ ಮೂರು ಕುಟುಂಬಗಳ ಮನೆಗಳಿಗೆ ಹೋದೆವು. ಒಂದು ಮನೆಯ ತಾಯಿಯು ನಮಗೆ ಚಾಪೆ ಹಾಸಿ, ನೀರು ಕೊಟ್ಟು, “ಅಯ್ಯಾ, ನಮ್ಮ ಮಗುವಿಗೆ ಜ್ವರ ಬಂದು ಹದಿನೈದು ದಿನ ಮಲಗಿದ್ದಾಗ ಸಭೆಯಿಂದ ಒಬ್ಬರೂ ಬಾಗಲಿಗೆ ಬರಲಿಲ್ಲ. ಪೇಟೆಯವರು ಎರಡು ಸಾರಿ ಬಂದು ಪ್ರಾರ್ಥನೆ ಮಾಡಿದರು” ಅಂದಳು. ನಮಗೆ ಉತ್ತರವಿರಲಿಲ್ಲ. ಆ ಹದಿನೈದು ದಿನ ನಾವು ಊರಿನಲ್ಲಿಯೇ ಇದ್ದೆವು. ಅವರು ಸಭೆಯನ್ನು ಬಿಟ್ಟರೆಂದು ನಾವು ಪ್ರಸಂಗಿಸಿದೆವು. ಸಭೆಯೇ ಅವರನ್ನು ಮೊದಲು ಬಿಟ್ಟಿತ್ತೆಂಬದನ್ನು ಪ್ರಸಂಗಿಸಲಿಲ್ಲ. ಅಲ್ಲಿಯೇ ಕ್ಷಮೆ ಬೇಡಿಕೊಂಡೆವು. ಅವರು ಹಿಂದಿರುಗಿ ಬಂದರೆಂದು ಬರೆಯಲಾರೆವು, ಬಂದಿಲ್ಲ. ಆದರೆ ಆ ಮನೆಯಲ್ಲಿ ಸಾಯಂಕಾಲದ ಪ್ರಾರ್ಥನೆ ನಿಂತಿಲ್ಲ, ಅದೇ ಕರ್ತನ ಹೆಸರು ಅಲ್ಲಿ ಹೇಳಲ್ಪಡುತ್ತದೆ. ಹಾಗಾದರೆ ಅವರು ದೇಮನಲ್ಲ.

ಮೂರನೇದು: ಯಾವದರಿಂದ ತಿರುಗಿದಿ ಎಂಬದಕ್ಕಿಂತ ಯಾರಿಗೆ ಅಂಟಿಕೊಂಡಿ ಎಂಬದು ದೊಡ್ಡದು.

ರೂತಳನ್ನೂ ಒರ್ಫಾಳನ್ನೂ ನೋಡಿರಿ. ಇಬ್ಬರೂ ಮೋವಾಬಿನ ಹೆಣ್ಣುಮಕ್ಕಳು, ಇಬ್ಬರೂ ವಿಧವೆಯರು, ಇಬ್ಬರೂ ಅತ್ತೆಯ ಕೊರಳನ್ನು ಅಪ್ಪಿಕೊಂಡು ಅತ್ತರು. ಒರ್ಫಾಳು ತಾಯಿಯ ಮನೆಗೂ ತನ್ನ ಜನರ ಬಳಿಗೂ ಹಿಂದಿರುಗಿದಳು. ಲೋಕದ ಲೆಕ್ಕದಲ್ಲಿ ಅವಳೇ ಹಳೆಯದನ್ನು ಬಿಡದವಳು. ರೂತಳಾದರೋ ತವರನ್ನೂ ದೇಶವನ್ನೂ ಬಿಟ್ಟಳು. ಆದರೂ ನಂಬಿಗಸ್ತಿಕೆಗೆ ದೃಷ್ಟಾಂತ ಬೇಕಾದಾಗ ಸಭೆಯು ಇಂದಿನ ವರೆಗೂ ರೂತಳ ಹೆಸರನ್ನೇ ಹೇಳುತ್ತದೆ. ಯಾಕೆ? ಅವಳು ಲಾಭವನ್ನು ಹುಡುಕಿ ತಿರುಗಲಿಲ್ಲ. ನೊವೊಮಿಯು ಬರಿಗೈಯವಳಾಗಿದ್ದಳು, ಅವಳಲ್ಲಿ ಕೊಡತಕ್ಕದ್ದೇನೂ ಇರಲಿಲ್ಲ. ಬೇತ್ಲೆಹೇಮಿನಲ್ಲಿ ರೂತಳಿಗೆ ಸಿಕ್ಕಿದ ಮೊದಲನೆಯ ಕೆಲಸ ಪರರ ಹೊಲದಲ್ಲಿ ಹಕ್ಕಲಾಯುವದೇ. ದೇಮನು ಸುಖಕ್ಕಾಗಿ ತಿರುಗಿದನು, ಯೂದನು ಮೂವತ್ತು ಬೆಳ್ಳಿ ನಾಣ್ಯಕ್ಕಾಗಿ ತಿರುಗಿದನು, ರೂತಳು ಪ್ರೀತಿಗಾಗಿ ತಿರುಗಿದಳು. ತಿರುಗುವದು ಒಂದೇ ವಿಧವಾಗಿ ಕಂಡರೂ ದಾರಿ ಮುಟ್ಟುವ ಊರು ಬೇರೆ.

ಆದಕಾರಣ ನಮ್ಮ ಪೂರ್ವಿಕರನ್ನು ಊರವರು ಜರೆದಾಗ, “ಗಂಜಿಗಾಗಿ ಹೋದರು” ಎಂದು ನಕ್ಕಾಗ, ಉತ್ತರವು ಬಾಯಿಂದ ಬರತಕ್ಕದ್ದಲ್ಲ, ಬಾಳಿನಿಂದ ಬರತಕ್ಕದ್ದು. ಗಂಜಿ ನಿಂತ ಮೇಲೆಯೂ ನಿಂತವರು ಅದಕ್ಕೆ ಉತ್ತರ ಕೊಟ್ಟಿದ್ದಾರೆ.

ನಾಲ್ಕನೇದು: ಒಂದನ್ನು ಪ್ರೀತಿಸುವದಕ್ಕೆ ಮತ್ತೊಂದನ್ನು ದ್ವೇಷಿಸಬೇಕಾಗಿಲ್ಲ.

1892ರಲ್ಲಿ ಮೈದಾನದ ಬಾಡಿಗೆಯ ಜಗಳದಿಂದ ಎವರ್ಟನ್ ತಂಡವು ಆನ್‌ಫೀಲ್ಡನ್ನು ಬಿಟ್ಟು ಹೋಯಿತು. ಉಳಿದ ಮೈದಾನದಲ್ಲಿ ಲಿವರ್‌ಪೂಲ್ ತಂಡವು ಹುಟ್ಟಿತು. ಅಂದಿನಿಂದ ಆ ಪಟ್ಟಣದಲ್ಲಿ ಒಂದೇ ಮನೆಯಲ್ಲಿ ಅಣ್ಣನು ನೀಲಿ, ತಮ್ಮನು ಕೆಂಪು ಎಂಬಂತೆ ನಡಿಯುತ್ತದೆ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೊ ಮೈದಾನದಲ್ಲಿ ಜನಸಂದಣಿಯೊಳಗೆ ಸಿಕ್ಕಿ ಲಿವರ್‌ಪೂಲಿನ ಬೆಂಬಲಿಗರು ನಜ್ಜುಗುಜ್ಜಾದರು. ಆ ಆಪತ್ತಿನಿಂದ ಸತ್ತವರು ಒಟ್ಟು 97 ಮಂದಿ. ಆಗ ನೀಲಿಯವರೂ ಕೆಂಪಿನವರೂ ಕೂಡಿ ತಮ್ಮ ಕೊರಳವಸ್ತ್ರಗಳನ್ನು ಒಂದಕ್ಕೊಂದು ಗಂಟು ಹಾಕಿ, ಎರಡು ಮೈದಾನಗಳ ನಡುವಣ ಸ್ಟ್ಯಾನ್ಲಿ ತೋಟದ ಮೇಲಿಂದ ಸುಮಾರು ಒಂದು ಮೈಲು ಉದ್ದದ ಸರಪಣಿಯನ್ನು ಕಟ್ಟಿದರು. ಯಾರೂ ತನ್ನ ಬಣ್ಣವನ್ನು ಬಿಡಲಿಲ್ಲ. ಆದರೂ ನೆರೆಯವನ ದುಃಖಕ್ಕೆ ತನ್ನ ಬಣ್ಣವನ್ನು ಗಂಟು ಹಾಕಿದನು.

ಕೊರಿಂಥದ ಸಭೆಯಲ್ಲಿ ಪೌಲನ ಪಕ್ಷ, ಅಪೊಲ್ಲೋಸನ ಪಕ್ಷ, ಕೇಫನ ಪಕ್ಷವೆಂದು ವಿಭಾಗಗಳಾದಾಗ ಅಪೊಸ್ತಲನು ದುಃಖಪಟ್ಟನು. ನಾವು ಇಂದು ಪೇಟೆಯ ಪ್ರಾರ್ಥನಾಲಯದವರ ಮುಖ ನೋಡದೆ ದಾರಿಯಲ್ಲಿ ತಿರುಗಿ ಹೋಗುತ್ತೇವೆ. ಹಳೆಯ ಮಾರ್ಗದಲ್ಲಿಯೇ ಉಳಿದ ನಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರ ಮನೆಯಲ್ಲಿ ಸಾವಾದರೆ ಹೋಗಿ ಅಳಲಿಕ್ಕೆ ಹಿಂಜರಿಯುತ್ತೇವೆ. ಕರ್ತನಿಗೆ ನಂಬಿಗಸ್ತರಾಗಿರುವದು ಇದಲ್ಲ.

ಕಡೆಯ ಮಾತು. ಎಲ್ಲಾ ದೃಷ್ಟಾಂತಗಳ ಹಾಗೆ ಇದೂ ಒಂದು ಸ್ಥಳದಲ್ಲಿ ಸೋಲುತ್ತದೆ. ಅಭಿಮಾನಿಯು ತಂಡವನ್ನು ಆರಿಸಿಕೊಳ್ಳುತ್ತಾನೆ. ತಂಡಕ್ಕೆ ಅವನ ಹೆಸರು ತಿಳಿಯದು. ಅವನು ಬಿಟ್ಟು ಹೋದರೆ ಯಾವ ಆಟಗಾರನೂ ಹುಡುಕಿಕೊಂಡು ಬರುವದಿಲ್ಲ. ನಮ್ಮನ್ನಾದರೋ ಕರ್ತನೇ ಮೊದಲು ಆರಿಸಿಕೊಂಡನು. ಬೆಂಕಿ ಕಾಯಿಸಿಕೊಳ್ಳುತ್ತಾ ಮೂರು ಸಾರಿ ಅರಿಯೆನೆಂದ ಪೇತ್ರನನ್ನು ಆತನು ಸಮುದ್ರತೀರದ ವರೆಗೆ ಹುಡುಕಿಕೊಂಡು ಹೋಗಿ, ಮೂರು ಸಾರಿ ಪ್ರೀತಿಯನ್ನು ಕೇಳಿ, ಕುರಿಗಳನ್ನು ತಿರಿಗಿ ಅವನ ಕೈಗೆ ಒಪ್ಪಿಸಿದನು. ನಮ್ಮ ನಂಬಿಗಸ್ತಿಕೆಯು ಆತನ ನಂಬಿಗಸ್ತಿಕೆಯ ಮೇಲೆ ನಿಂತಿದೆ. ಇಲ್ಲದಿದ್ದರೆ ನಮ್ಮಲ್ಲಿ ಒಬ್ಬನೂ ನಿಲ್ಲಲಾರನು.

ಹೀಗಿರಲಾಗಿ ಜಗಲಿಯ ಮೇಲಿನ ಆ ಇಬ್ಬರಿಗೆ ನಮ್ಮ ತೀರ್ಪು ಇದು. ಮಗನೇ, ತಂಡವನ್ನು ಬದಲಿಸಿದ್ದರಿಂದ ನೀನು ಪಾಪ ಮಾಡಲಿಲ್ಲ. ಆದರೆ ಸೋತದ್ದಕ್ಕಾಗಿಯೇ ಬಿಟ್ಟೆಯಾದರೆ ಆ ಅಭ್ಯಾಸವು ನಿನ್ನ ಮದುವೆಗೂ ಸ್ನೇಹಕ್ಕೂ ಸಭೆಗೂ ಹಬ್ಬದಂತೆ ನೋಡಿಕೋ. ಬಿಡದೆ ನಿಂತ ಮಗನೇ, ನಿನ್ನ ಸ್ಥಿರತೆಯನ್ನು ಮೆಚ್ಚುತ್ತೇವೆ. ಆದರೆ ಶನಿವಾರ ನಡುರಾತ್ರಿಯ ವರೆಗೆ ಆಟ ನೋಡಿ ಭಾನುವಾರದ ಗಂಟೆ ಬಾರಿಸುವಾಗ ಮಲಗಿರುವದು ಯಾವ ಸ್ಥಿರತೆ? ಸೋತ ತಂಡಕ್ಕೆ ಕೊಟ್ಟ ತಾಳ್ಮೆಯಲ್ಲಿ ಅರ್ಧವನ್ನು ನಿನ್ನ ಬಡ ಸಭೆಗೆ ಕೊಡು.

ಓದುಗರೇ, ಈ ವಾರ ನಿಮ್ಮ ಸಭೆಯನ್ನು ಬಿಟ್ಟು ಹೋದ ಒಂದು ಮನೆಗೆ ಹೋಗಿರಿ. ಕರೆಯಲಿಕ್ಕಲ್ಲ, ಜರೆಯಲಿಕ್ಕಲ್ಲ, ಮಗು ಹೇಗಿದೆ ಎಂದು ಕೇಳಲಿಕ್ಕೆ ಮಾತ್ರ ಹೋಗಿರಿ. ನಮ್ಮನ್ನು ಬಿಡದೆ ಹಿಡಿದಿರುವ ಕರ್ತನು ನಿಮ್ಮನ್ನೂ ಅವರನ್ನೂ ಕಡೆಯ ವರೆಗೆ ಕಾಪಾಡಲಿ. ಆಮೆನ್.