ನೆಲವನ್ನು ಅರಿತವರ ಋಣ

ಜ್ಞಾನವು ಗಳಿಸಿದವನ ಸ್ವಂತ ಆಸ್ತಿಯೇ, ಇಲ್ಲವೇ ಅವನ ಕೈಗೆ ಒಪ್ಪಿಸಿದ ಇಡುಗಂಟೇ? ‘ನಿಕ್ಷೇಪ’ ಎಂಬ ಮಾತಿಗೆ ನೆಲದಡಿಯ ಅದಿರು ಎಂಬ ಅರ್ಥವೂ ಉಂಟು, ನಂಬಿ ಇರಿಸಿದ ಒಡವೆ ಎಂಬ ಅರ್ಥವೂ ಉಂಟು. ಭೂವಿಜ್ಞಾನ ಓದುವವರಿಗೆ ಈ ಎರಡೂ ಅರ್ಥಗಳು ಒಟ್ಟಿಗೆ ಎದುರಾಗುತ್ತವೆ.

ಕಾನಹೊಸಹಳ್ಳಿಯಿಂದ ಗುಡೇಕೋಟೆಯ ಕಡೆಗೆ ಸಾಗಿದರೆ ಬಂಡೆಗುಡ್ಡಗಳ ಸೀಮೆ. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನಿಸಿಕೊಂಡ ಶಿಲೆಯ ಪಟ್ಟಿ ಈ ಭಾಗವನ್ನು ಹಾದುಹೋಗುತ್ತದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಉತ್ತರಕ್ಕೆ ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಮತ್ತು ಮ್ಯಾಂಗನೀಸಿನ ಅದಿರು. 2010ರಲ್ಲಿ ಆರಂಭವಾದ ಬಳ್ಳಾರಿಯ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭೂವಿಜ್ಞಾನ ಮತ್ತು ಖನಿಜ ಸಂಸ್ಕರಣದ ವಿಭಾಗಗಳಿವೆ. ನಮ್ಮ ಮಕ್ಕಳು ತಮ್ಮ ಕಾಲಡಿಯ ನೆಲವನ್ನೇ ಅಲ್ಲಿ ಓದಬಹುದು.

ಆದರೆ ಈ ಓದು ಯಾರಿಗಾಗಿ? ಅದಿರನ್ನು ಗುರುತಿಸುವ ವಿದ್ಯೆ ಎಲ್ಲಿ ನಿಲ್ಲಬೇಕೆಂದು ತಾನಾಗಿ ಹೇಳದು. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಲು ಸುಪ್ರೀಂ ಕೋರ್ಟೇ ಆಜ್ಞೆ ಮಾಡಬೇಕಾಯಿತು.

ಇನ್ನೊಂದು ಪ್ರಸಂಗ ನಮ್ಮ ಮನೆಬಾಗಿಲಿನದು. ಗ್ರಾನೈಟಿನ ನೆಲದಲ್ಲಿ ನೀರು ನಿಲ್ಲುವುದು ಶಿಥಿಲಗೊಂಡ ಮೇಲ್ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಆ ಕಲ್ಲಿನಿಂದಲೇ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗಳಿಗೆ ಹಾನಿ. ಕೊಡ ತುಂಬುವ ತಾಯಿಗೆ ಇದು ತಿಳಿಯದು, ಪರೀಕ್ಷಿಸಿದವನಿಗೆ ತಿಳಿಯುತ್ತದೆ. ಯೋಚಿಸಿರಿ: ಸಂಶೋಧಕನೊಬ್ಬ ಹಳ್ಳಿಯ ಕೊಳವೆ ಬಾವಿಯಿಂದ ನೀರು ಒಯ್ದು, ಅಳೆದು, ಪ್ರಬಂಧ ಬರೆದು ಪದವಿ ಪಡೆದ. ಪ್ರಬಂಧ ಗ್ರಂಥಾಲಯ ಸೇರಿತು. ಹಳ್ಳಿ ಅದೇ ನೀರು ಕುಡಿಯುತ್ತಿದೆ. ಅವನು ಸುಳ್ಳಾಡಲಿಲ್ಲ, ಕದಿಯಲಿಲ್ಲ. ಆದರೂ ಋಣ ತೀರಿತೇ? ಅರಿಯದವನ ಮೌನ ಬೇರೆ, ಅರಿತವನ ಮೌನ ಬೇರೆ.

ಸತ್ಯವನ್ನು ಹೇಳುವುದೂ ಸುಲಭವಲ್ಲ. ಬಾವಿ ಮುಚ್ಚಬೇಕಾದೀತು, ಹೆಂಗಸರು ದೂರ ನಡೆಯಬೇಕಾದೀತು. ಆದುದರಿಂದ ಕೆಟ್ಟ ನೀರನ್ನು ತೋರಿಸಿದವನು ಒಳ್ಳೆಯ ನೀರಿನ ದಾರಿಯನ್ನೂ ಹುಡುಕಿಕೊಡಬೇಕಾಗುತ್ತದೆ.

ಭೂಸ್ತರಗಳ ಅಧ್ಯಯನಕ್ಕೆ 1669ರಲ್ಲಿ ತಳಹದಿ ಹಾಕಿದ ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ ಮುಂದೆ ಧರ್ಮಾಧ್ಯಕ್ಷರಾದರು; 1988ರಲ್ಲಿ ಪುನೀತರೆಂದು ಘೋಷಿತರಾದರು. ಜನರು ಮಾಯಾಶಿಲೆಗಳೆಂದು ನಂಬಿದ್ದವು ಶಾರ್ಕ್ ಮೀನಿನ ಹಲ್ಲುಗಳೆಂದು ಅವರು ತೋರಿಸಿಕೊಟ್ಟರು. ಕಂಡದ್ದನ್ನು ಕಂಡಂತೆ ನುಡಿಯುವುದು ಅವರಿಗೆ ಭಕ್ತಿಯಿಂದ ಬೇರೆಯಾಗಿರಲಿಲ್ಲ.

ನಿಮ್ಮ ಮಗನೋ ಮಗಳೋ ಈ ವಿದ್ಯೆಯನ್ನು ಆರಿಸಿಕೊಂಡರೆ, ಸಂಬಳವೆಷ್ಟೆಂದು ಕೇಳಿರಿ, ತಪ್ಪಿಲ್ಲ. ಜೊತೆಗೆ ಇದನ್ನೂ ಕೇಳಿರಿ: ಪರೀಕ್ಷೆಗೆ ಒಂದು ಬಾಟಲಿ ನೀರು ಕೊಟ್ಟ ಮನೆಗೆ ಫಲಿತಾಂಶ ತಿಳಿಸಲು ಹಿಂದಿರುಗಿ ಹೋಗುವೆಯಾ?