ಪೊಲಿ ಎನ್ನಲಾಗದ ಪುತ್ತರಿ

2018ರ ಆಗಸ್ಟ್ ಮಳೆಯಲ್ಲಿ ಕೊಡಗಿನ ಮಕ್ಕಂದೂರಿನ ಕಡೆಯ ನಮ್ಮ ಬೆಟ್ಟ ಜಾರಿತು. ಕಾಫಿ ಗಿಡ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ, ಎಲ್ಲ ನಿಂತ ಹಾಗೇ ಇಳಿದು ಗದ್ದೆಯ ಮೇಲೆ ಕೂತವು. ಹಿಂದಿನ ರಾತ್ರಿಯೇ ಅವ್ವನನ್ನು ಕರೆದುಕೊಂಡು ಹೊರಟಿದ್ದರಿಂದ ನಾವು ಉಳಿದೆವು. ಕೆಳಗಿನ ಮನೆಯ ಯಜಮಾನರು ಬೆಳಿಗ್ಗೆ ಹಸುಗಳ ಹಗ್ಗ ಬಿಚ್ಚಲು ನಿಂತರು. ಅವರು ಮಣ್ಣಿನಡಿ ಸಿಕ್ಕಿದರು.

ಪರಿಹಾರ ಕೇಂದ್ರಕ್ಕೆ ಬಂದವರೆಲ್ಲ "ಇಗ್ಗುತ್ತಪ್ಪ ನಿಮ್ಮನ್ನು ಕಾಪಾಡಿದ" ಎಂದರು. ನಾನೂ ಹೌದೆಂದೆ. ಮೂರನೆಯ ದಿನ ಅದೇ ಮಾತು ಮತ್ತೆ ನನ್ನ ಬಾಯಿಂದ ಬಂದಾಗ ಆ ಕೆಳಗಿನ ಮನೆಯಾಕೆ ಪಕ್ಕದ ಚಾಪೆಯಲ್ಲಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ, "ಅಕ್ಕ, ಗಂಜಿ ಕುಡಿದ್ರಾ?" ಎಂದರು.

ಇಗ್ಗುತ್ತಪ್ಪ ನಮಗೆ ಮಳೆಯ ದೇವರು, ಬೆಳೆಯ ದೇವರು. ಪಾಡಿಯ ಗುಡಿಗೆ ಅವರೂ ನಮ್ಮ ಹಾಗೇ ನಡೆದುಕೊಂಡವರು. ನಮ್ಮನ್ನು ಉಳಿಸಿದ್ದು ಅವನಾದರೆ ಅವರ ಗಂಡನನ್ನು ಕೈಬಿಟ್ಟವರು ಯಾರು?

ಪಾಪದ ಫಲ ಎಂದವರೂ ಇದ್ದರು. ಅದು ಕ್ರೂರವಾದ ಮಾತು, ಸುಳ್ಳು ಮಾತು. ರಸ್ತೆಗೆಂದು, ಮನೆಗೆಂದು ಬೆಟ್ಟದ ಬುಡ ಕಡಿದವರು ನಾವು, ನೀರಿನ ದಾರಿ ಮುಚ್ಚಿದವರೂ ನಾವು; ಭೂವಿಜ್ಞಾನಿಗಳು ಬಂದು ನೋಡಿ ಹೇಳಿದ್ದೂ ಇದನ್ನೇ. ನಮ್ಮ ಮನೆಯ ಹಿಂದಿನ ಇಳಿಜಾರಿನ ಬರೆಯನ್ನು ಜೆಸಿಬಿ ತರಿಸಿ ಕಡಿಸಿದವನು ನಾನು. ಅದನ್ನು ದೇವರ ಲೆಕ್ಕಕ್ಕೆ ಬರೆಯಲಾರೆ.

ಆ ವರ್ಷದ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯಲು ನಮಗೆ ಗದ್ದೆಯೇ ಇರಲಿಲ್ಲ. ನೆಂಟರ ಗದ್ದೆಗೆ ಹೋದೆವು. ಬಂದೂಕಿನ ಗುಂಡು ಹಾರಿತು, ಎಲ್ಲರೂ "ಪೊಲಿ ಪೊಲಿ ದೇವಾ" ಎಂದು ಕೂಗಿದರು. ಹೆಚ್ಚಲಿ, ಹೆಚ್ಚಲಿ ಎಂಬ ಬೇಡಿಕೆ ಅದು. ನನ್ನ ಗಂಟಲಿನಿಂದ ದನಿ ಏಳಲಿಲ್ಲ. ಕುಡುಗೋಲು ಹಿಡಿದು ಸುಮ್ಮನೆ ಕೊಯ್ದೆ. ಹಿಂದೆಂದೂ ದೇವರ ಎದುರು ನಾನು ಏನನ್ನೂ ಕೇಳದೆ ನಿಂತಿರಲಿಲ್ಲ. ಅಷ್ಟು ಹತ್ತಿರವೂ ನಿಂತಿರಲಿಲ್ಲ.

ಅವ್ವ ಆ ಕದಿರಿನಲ್ಲಿ ಅರ್ಧ ತೆಗೆದು ಕೆಳಗಿನ ಮನೆಯಾಕೆಯ ಬಾಡಿಗೆ ಮನೆಗೆ ಒಯ್ದರು. ಆಕೆ ಅದನ್ನು ಬಾಗಿಲಿಗೆ ಕಟ್ಟಿದರು.

ಈಗ ಮತ್ತೆ ಪೊಲಿ ಎನ್ನುತ್ತೇನೆ, ಎರಡೂ ಮನೆಗಳಿಗೆ ಸೇರಿಸಿ. "ನನ್ನನ್ನು ಕಾಪಾಡಿದ" ಎಂದು ಮಾತ್ರ ಎಲ್ಲೂ ಹೇಳುವುದಿಲ್ಲ. ಪ್ರತಿ ಮಳೆಗಾಲವೂ ಎಲ್ಲೋ ಒಂದು ಬರೆ ಕುಸಿಯುತ್ತದೆ. ಉಳಿದು ಬಂದವರನ್ನು ನೋಡಲು ಹೋದಾಗ ನೀವೂ ಆ ಮಾತು ಆಡಬೇಡಿ. ಪಕ್ಕದ ಚಾಪೆಯಲ್ಲಿ ಯಾರಿದ್ದಾರೆಂದು ನೋಡಿ, ಗಂಜಿ ಕುಡಿದರಾ ಎಂದು ಕೇಳಿ.